ಬಾರದ ನೀರಿನ ಲೆಕ್ಕ

ಮಳೆ ಬಿದ್ದದ್ದು ವಯನಾಡಿನಲ್ಲಿ.
ನಂಜನಗೂಡಿನ ನಮ್ಮ ಹೊಳೆಬೀದಿಯಲ್ಲಿ ಚುರುಗುಟ್ಟುವ ಬಿಸಿಲು,
ಹಗ್ಗದ ಮೇಲೆ ಸೆಟೆದು ಒಣಗಿದ ಯೂನಿಫಾರಂ,
ಮೊರದಲ್ಲಿ ತೊಳೆದು ಹರವಿದ ರಾಗಿ.
ಇಂಥ ಬಿಸಿಲಲ್ಲಿ ನಿಂತು ನಾನು ಹೇಳಬೇಕು:
ನೀರು ಬತ್ತದೆ, ಏಳಿ.

ಬೀಚನಹಳ್ಳಿಯಿಂದ ಫೋನು ಮಾಡುವವನು ರೇವಣ್ಣ,
ಡ್ಯಾಮಿನ ಹತ್ತಿರ ಟೀ ಮಾರುವ ಹುಡುಗ.
'ಅಕ್ಕ, ನಲವತ್ತು ಸಾವಿರ ಬುಟ್ರು' ಅನ್ನುತ್ತಾನೆ.
ಅದಾದ ಒಂದು ಗಂಟೆಗೆ ಇಂಗ್ಲಿಷಿನಲ್ಲಿ ಮೆಸೇಜು.
ಕ್ಯೂಸೆಕ್ಸ್ ಅಂದರೆ ಎಷ್ಟು ಬಿಂದಿಗೆ, ನನಗೂ ಗೊತ್ತಿಲ್ಲ.
ನಾನು ಹೇಳುವುದು ಬೇರೆ ಅಳತೆಯಲ್ಲಿ:
ಸಾಕವ್ವನಿಗೆ, ನಿನ್ನ ಹೊಸಲು.
ಜಬೀನಾಗೆ, ಹೊಲಿಗೆ ಮಿಷನ್ನಿನ ಪೆಡಲು.
ಚೆನ್ನಾಜಿಗೆ, ಹೆಚ್ಚೇನಿಲ್ಲ, ತೊಟ್ಟಿಲ ತಳ.

ಬಟ್ಟೆ ಒಗೆಯುವ ಕಡೆಯ ಮೆಟ್ಟಿಲುಗಳಿಗೆ
ನಂಬರು ಬರೆದವಳೂ ನಾನೇ,
ಅಂಗನವಾಡಿ ಗೋಡೆಗೆ ಬಳಿದು ಉಳಿದ ಬಣ್ಣದಲ್ಲಿ.
ಹದಿನಾಲ್ಕು ದಾಟಿದರೆ ಬೀದಿ ಹೊಳೆಯದು.
ಕಂಬಕ್ಕೆ ಕಟ್ಟಿದ ಸೈರನ್ನೂ ಇದೆ;
ಕರೆಂಟಿದ್ದರೆ ಕೂಗುತ್ತದೆ.
ಹೊಳೆ ಏರುವಾಗ ಮೊದಲು ಹೋಗುವುದು ಕರೆಂಟು.

ಹೋದ ಆಷಾಢದಲ್ಲಿ ಮಧ್ಯರಾತ್ರಿ
ಬೀದಿಯನ್ನೆಲ್ಲ ಎಬ್ಬಿಸಿದ್ದೆ.
ಒಂಬತ್ತು ದಿನದ ಬಾಣಂತಿ ಚೆನ್ನಾಜಿಯನ್ನು ಸನಾವುಲ್ಲಾನ ಆಟೋದಲ್ಲಿ,
ಕೋಳಿಗಳನ್ನು ಗೋಣಿಚೀಲದಲ್ಲಿ,
ಗಂಡಸರ ಬೈಗುಳವನ್ನು ಕಿವಿಯಲ್ಲಿ ತುಂಬಿಕೊಂಡು
ದಿಬ್ಬದ ಸ್ಕೂಲಿಗೆ ಹತ್ತಿಸಿದೆ.
ಜಗಲಿಯಲ್ಲಿ ಕಾದು ಕೂತೆವು, ತಡವಾದ ಮದುವೆ ಊಟಕ್ಕೆ ಕೂತವರ ಹಾಗೆ.
ನೀರು ಹನ್ನೊಂದನೇ ಮೆಟ್ಟಿಲಿಗೆ ಬಂದು
ಏನೋ ಮರೆತವರಂತೆ ನಿಂತು
ಬೆಳಗಾಗುವಾಗ ಇಳಿದುಹೋಯಿತು.

ಅದರ ಲೆಕ್ಕ ಹಾಲಿನ ಪುಸ್ತಕದ ಹಿಂಬದಿ ಬರೆದಿಟ್ಟಿದ್ದೇನೆ.
ಒಡೆದ ಹಾಲು ಎರಡು ಲೀಟರು.
ಹೋದ ಕೂಲಿ, ಮೂವತ್ತೊಂದು ಜನದ್ದು, ಒಂದು ದಿನ.
ಬೀಗ ಹಾಕದ ಮನೆಯಿಂದ ಕಳುವಾದ ಕುಕ್ಕರು ಒಂದು,
ಪುಟ್ಟಗೌರಿಯದು, ತವರಿನವರು ಕೊಟ್ಟದ್ದು,
ಇವತ್ತಿಗೂ ನನ್ನನ್ನೇ ಕೇಳುತ್ತಾಳೆ.
ಬಂದ ನೀರಿಗೆ ತಹಸೀಲ್ದಾರರ ಹತ್ತಿರ ಫಾರಂ ಇದೆ.
ಬಾರದ ನೀರಿಗೆ ಕಾಲಂ ಇಲ್ಲ.
ಅದು ನನ್ನ ಹೆಸರಿಗೇ ಬಿತ್ತು:
ಸುಳ್ಳುನೀರು ಸುಂದ್ರಮ್ಮ.
ನಲ್ಲಿ ಹತ್ತಿರ ಚಿಕ್ಕಮಕ್ಕಳೂ ಹಾಗೇ ಕರೆಯುತ್ತವೆ.

ಇವತ್ತು ಮತ್ತೆ ಬಾಗಿಲು ಬಾಗಿಲು.
'ಅಯ್ಯೋ ಬುಡಮ್ಮಿ, ಒಂದ್ ಮೋಡಾನೂ ಇಲ್ಲ.'
'ನಿನ್ ನೀರ್ಗೆ ಕಾಲ್ ಬಂದ್ಮೇಲೆ ಕೂಗು.'
ಒಬ್ಬ ಟೀವಿಯ ಸೌಂಡು ಜಾಸ್ತಿ ಮಾಡಿದ.
ಹೊತ್ತು ಮುಳುಗಿತು. ಎಂಟು. ಒಂಬತ್ತು.
ಮೆಟ್ಟಿಲ ಮೇಲೆ ಒಬ್ಬಳೇ ನಿಂತು, ಒಂದು ಗಳಿಗೆ,
ಬರಲಿ ಅಂದುಕೊಂಡೆ.
ಹದಿನಾಲ್ಕು ದಾಟಿ ಬರಲಿ, ಗೊತ್ತಾಗಲಿ ಇವರಿಗೆ.
ಹೊಳೆಗೆ ಕೇಳಿಸಿತೇನೋ ಎಂದು
ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ವಾಪಸು ಬರುವಾಗ ಎದುರಾದಳು ಪುಟ್ಟಗೌರಿ,
ಒಂದು ಕೈಯಲ್ಲಿ ಅತ್ತೆಯ ರಟ್ಟೆ,
ಇನ್ನೊಂದು ಕಂಕುಳಲ್ಲಿ ಹೊಸ ಕುಕ್ಕರು.
'ನಿನ್ ನಂಬ್ಕಂಡಲ್ಲ' ಅಂದಳು,
'ಹೋದ್ಸಲ ಸ್ಕೂಲಲ್ಲಿ ಒಳ್ಳೆ ನಿದ್ದೆ ಬಂದಿತ್ತು.'
ಅವಳ ಹಿಂದೆ ಚೆನ್ನಾಜಿ,
ಬೆರಳು ಹಿಡಿದು ತಪ್ಪುಹೆಜ್ಜೆ ಇಡುವ ಮಗು.
ಅವರ ಹಿಂದೆ ಟೀವಿ ತಟ್ಟನೆ ಸುಮ್ಮನಾಯಿತು:
ಕರೆಂಟು ಹೋಗಿತ್ತು.
ಬಾಗಿಲ ಅಗುಳಿ ತೆಗೆದ ಸದ್ದು, ಒಂದು, ಆಮೇಲೆ ಇನ್ನೊಂದು.

ಈಗ ರಾತ್ರಿ ಎರಡು.
ಟಾರ್ಚು ಹಿಡಿದು ಕೂತಿದ್ದೇನೆ.
ಹನ್ನೊಂದು ಒದ್ದೆ.
ರೇವಣ್ಣನ ಫೋನು ಸ್ವಿಚ್ಡ್ ಆಫ್.
ದಿಬ್ಬದ ಕಡೆಯಿಂದ ಕುಕ್ಕರಿನ ವಿಷಲು;
ಯಾರಿಗೋ ಹಸಿವು, ಈ ಹೊತ್ತಲ್ಲಿ.
ಹನ್ನೆರಡರ ಬಣ್ಣದ ಅಂಚನ್ನು ನೀರು
ನಾಲಿಗೆಯಿಂದ ಮುಟ್ಟಿನೋಡಿ
ಹಿಂದೆ ಸರಿಯುತ್ತದೆ,
ಮತ್ತೆ ಮುಟ್ಟುತ್ತದೆ.
ಎರಡನೇ ವಿಷಲು.